ಹೊತ್ತಿಗೆ ಮುಂಚೆ ಬಂದ ಗಾಡಿ

ನಿಲ್ದಾಣದಲ್ಲಿ ಆಕೆಯನ್ನು ಎಲ್ಲರೂ ಮೈಕಮ್ಮ ಅನ್ನುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ಗಾಜಿನ ಕೋಣೆಯಲ್ಲಿ ಕೂತು, ರೈಲು ಬರುವುದನ್ನೂ ಹೋಗುವುದನ್ನೂ ಮೈಕಿನಲ್ಲಿ ಹೇಳುವುದೇ ಆಕೆಯ ಕೆಲಸ. ಏನೇನು ಹೇಳಬೇಕೆಂಬುದಕ್ಕೆ ಮೇಜಿನ ಮೇಲೊಂದು ಹರಕು ಪುಸ್ತಕ. ರೈಲು ತಡವಾದರೆ ಹೇಳಲಿಕ್ಕೆ ಅದರಲ್ಲಿ ಹನ್ನೊಂದು ವಾಕ್ಯಗಳಿದ್ದವು. ಬೇಗ ಬಂದರೆ ಹೇಳಲಿಕ್ಕೆ ಒಂದೂ ಇರಲಿಲ್ಲ. ಬರೆದ ಪುಣ್ಯಾತ್ಮನಿಗೆ ಅಂಥ ಆಸೆಯೇ ಇರಲಿಲ್ಲವೇನೋ.

ಐದು ತಾಸಿನ ದೂರದಲ್ಲಿ ಆಕೆಯ ಅಣ್ಣ ಹಾಸಿಗೆ ಹಿಡಿದಿದ್ದ. ಇನ್ನು ಮೂರು ತಿಂಗಳು ಅಂದಿದ್ದರು ಡಾಕ್ಟರು. ಕೊನೆಯವರೆಗೂ ಪಕ್ಕದಲ್ಲೇ ಕೂರಬೇಕೆಂದು ಆಕೆ ಬರುವ ಒಂದನೇ ತಾರೀಖಿನಿಂದ ರಜೆ ಬರೆದುಕೊಟ್ಟಿದ್ದಳು. ಫೋನಿನಲ್ಲಿ ಹೇಳಿದಾಗ ಅಣ್ಣ ನಕ್ಕಿದ್ದ.

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸೋಳು ನೀನು. ಆಗ್ಲಿ, ಬಾರೇ. ನೀನು ಬರೋವರೆಗೂ ನಾನೆಲ್ಲೂ ಹೊರಡಲ್ಲ."

ಇವತ್ತು ಹದಿನೆಂಟು. ಬೆಳಿಗ್ಗೆ ಎಂಟಕ್ಕೆ ಅತ್ತಿಗೆಯ ಫೋನು ಬಂತು. "ನಿಮ್ಮಣ್ಣ ಹೋಗ್ಬಿಟ್ರು ಕಣೇ," ಅಂದಳು ಅತ್ತಿಗೆ.

ಮೈಕಮ್ಮನಿಗೆ ಅಳು ಬರಲಿಲ್ಲ. ಎಂಟೂ ಹತ್ತರ ರೈಲು ಹೊರಡುವುದನ್ನು ಹೇಳಿ, ಮೈಕಿನ ಗುಂಡಿ ಆರಿಸಿ, ಸ್ಟೇಷನ್ ಮಾಸ್ಟರರ ಕೋಣೆಗೆ ನಡೆದಳು. ದಾರಿಯುದ್ದಕ್ಕೂ ಮಾತು ಜೋಡಿಸಿದಳು. ಅಂದುಕೊಂಡದ್ದಕ್ಕಿಂತ ಮೊದಲೇ. ಅವಧಿಗೆ ಮುನ್ನ. ಸ್ವಲ್ಪ ಬೇಗನೆ. ಒಂದೂ ಬಾಯಿಗೆ ಹತ್ತಲಿಲ್ಲ.

"ಸಾರ್, ರಜೆ ಇವತ್ತಿಂದ್ಲೇ ಬೇಕು."

"ಯಾಕ್ರೀ, ಒಂದನೇ ತಾರೀಖು ಅಂದಿದ್ರಲ್ಲ?"

"ಅಣ್ಣ ಕಾಯ್ಲಿಲ್ಲ ಸಾರ್."

ಮಾಸ್ಟರು ಸದಾ ಗೊಣಗುವ ಮನುಷ್ಯ. ಅವತ್ತು ಗೊಣಗಲಿಲ್ಲ. "ಒಂಬತ್ತೂವರೆ ಗಾಡಿಗೇ ಹೊರಡಿ. ಮೈಕು ನಾನು ನೋಡ್ಕೋತೀನಿ," ಅಂದರು.

ಆ ಗಾಡಿಯೋ, ಹುಟ್ಟಿದಾಗಿನಿಂದ ಸಮಯಕ್ಕೆ ಬಂದದ್ದಲ್ಲ. ಅವತ್ತು ಮಾತ್ರ ಹನ್ನೆರಡು ನಿಮಿಷ ಮೊದಲೇ ಬಂದು ನಿಂತಿತು. ಆಕೆ ಹತ್ತಿ ಕಿಟಕಿ ಪಕ್ಕ ಕೂತಳು. ಪ್ಲಾಟ್‌ಫಾರ್ಮಿನ ಧ್ವನಿವರ್ಧಕದಲ್ಲಿ ಮಾಸ್ಟರು ಕೆಮ್ಮಿದರು. ಪುಟ ತಿರುವುವ ಸದ್ದು ಕೇಳಿಸಿತು. ಪಾಪ, ಇಲ್ಲದ್ದನ್ನು ಎಲ್ಲಿಂದ ಓದಿಯಾರು? ಕೊನೆಗೆ, "ಗಾಡಿ ಬಂದಿದೆ," ಎಂದಷ್ಟೇ ಹೇಳಿದರು.

ಎದುರು ಕೂತಿದ್ದ ಅಜ್ಜಿ ಚಡಪಡಿಸಿದಳು. "ಎಷ್ಟೊತ್ತಾಯ್ತು ಬಂದು, ಇನ್ನೂ ಯಾಕಮ್ಮ ನಿಂತೇ ಇದೆ?"

ಇಪ್ಪತ್ತೆರಡು ವರ್ಷದ ಅಭ್ಯಾಸ. ಬಾಯಿ ತಾನಾಗಿಯೇ ಹೇಳಿತು.

"ಬೇಗ ಬರಬಹುದು ಅಜ್ಜಿ. ಹೊತ್ತಿಗೆ ಮುಂಚೆ ಹೊರಡೋ ಹಾಗಿಲ್ಲ. ಯಾರಾದ್ರೂ ಈ ಗಾಡೀನೇ ನಂಬ್ಕೊಂಡು ಬರ್ತಾ ಇರ್ತಾರಲ್ಲ..."

ಅಜ್ಜಿ ಆಕೆಯ ಮುಖ ನೋಡಿದಳು, ಎದ್ದು ಬಂದು ಪಕ್ಕದಲ್ಲಿ ಕೂತಳು. ಗಾಡಿ ಹೊರಡಲು ಇನ್ನೂ ಏಳು ನಿಮಿಷವಿತ್ತು. ಅಷ್ಟೂ ಹೊತ್ತು ಮೈಕಮ್ಮ ಅತ್ತಳು.