ಮೂರನೇ ಗಂಟು

ವಿಶ್ವಾಸನಿಗೆ ಧ್ವನಿ ಇರಲಿಲ್ಲ. ಎತ್ತರವಿತ್ತು, ಮೀಸೆ ಇತ್ತು, ಅಪ್ಪನದೊಂದು ದಾಲ್‌ಮಿಲ್ ಇತ್ತು. ಬಾಯಿ ತೆರೆದರೆ ಮಾತ್ರ ಮಾತು ಎರಡನೇ ಸಾಲಿನ ಕುರ್ಚಿ ಮುಟ್ಟುವಷ್ಟರಲ್ಲಿ ಸತ್ತುಹೋಗುತ್ತಿತ್ತು.

"ಇನ್ನೊಮ್ಮೆ," ಎಂದರು ನಾಟಕ ಕಲಿಸುತ್ತಿದ್ದ ಗುರುಲಿಂಗ ಮಾಸ್ತರರು. "'ಅಪ್ಪಾಜಿ, ನಾನು ಈಕೆಯನ್ನೇ ಮದುವೆಯಾಗುತ್ತೇನೆ.' ಅಪ್ಪಗ ಹೇಳಾಕತ್ತೀದಿ, ಗ್ವಾಡಿಗಲ್ಲ."

ವಿಶ್ವಾಸ ಗೋಡೆಗೇ ಹೇಳಿದ.

"ಈತ ಮದುವಿ ಆಗ್ತೀನಂತಾನೋ, ಸೂಟಿ ಕೇಳ್ತಾನೋ ಒಂದೂ ತಿಳೀವಲ್ದು," ಎಂದರು ಮಾಸ್ತರರು. ಮಹಡಿಯಲ್ಲಿ ಕೂತಿದ್ದವರೆಲ್ಲ ನಕ್ಕರು. ಗೌತಮಿಯೂ ನಕ್ಕಳು. ಕೂಗಾಡದ ಹುಡುಗ ಎಂಬ ಕಾರಣಕ್ಕೇ ಅವಳು ಅವನನ್ನು ಮೆಚ್ಚಿದ್ದಳು. ಅದು ಎರಡು ವರ್ಷದ ಹಿಂದೆ, ಕಾಲೇಜಿನ ನಾಟಕವೊಂದರಲ್ಲಿ.

ನಾಟಕ ಅರವತ್ತು ವರ್ಷ ಹಳೆಯದು. ದೇಸಾಯರ ವಾಡೆ, ಇಬ್ಬರು ಗಂಡುಮಕ್ಕಳು, ಮೂರು ಪ್ರೇಮ, ಅದಲುಬದಲಾದ ಎರಡು ಪತ್ರ. ಹಿರಿಯ ಮಗ ಬಡ ಹುಡುಗಿಯೊಬ್ಬಳಿಗೆ ಗುಟ್ಟಾಗಿ ತಾಳಿ ಕಟ್ಟುತ್ತಾನೆ; ವಾಡೆಯಲ್ಲಿ ರಂಪವೇಳುತ್ತದೆ; ಕೊನೆಯ ಅಂಕದಲ್ಲಿ ಅವಳು ಬಡವಳೇ ಅಲ್ಲ, ಚಿಕ್ಕಂದಿನಲ್ಲಿ ರೈಲಿನಲ್ಲಿ ಕಳೆದುಹೋಗಿದ್ದ ಸೋದರತ್ತೆಯ ಮಗಳು ಎಂದು ಬಯಲಾಗುತ್ತದೆ. ಎಲ್ಲರೂ ನಗುತ್ತಾರೆ. ಯಾರೂ ಏನನ್ನೂ ಬಿಟ್ಟುಕೊಡಬೇಕಾಗುವುದಿಲ್ಲ. ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯ ಈ ನಾಟಕ ಮಂಡಳಿಗೆ ಅದು ಬಹಳ ಇಷ್ಟದ ನಾಟಕ. ಪ್ರತಿ ನಾಲ್ಕೈದು ವರ್ಷಕ್ಕೊಮ್ಮೆ ಅದನ್ನೇ ಹೊಸದಾಗಿ ಕಂಡುಹಿಡಿಯುತ್ತಿದ್ದರು.

ಬಡ ಹುಡುಗಿಯ ಪಾತ್ರಕ್ಕೆ ಮಾತ್ರ ಆ ಬಡಾವಣೆಯ ಮನೆಗಳಿಂದ ಯಾರೂ ಸಿಗಲಿಲ್ಲ. ಎದುರುಮನೆ ಡಾಕ್ಟರರ ಮಗಳು ರಾಜೇಶ್ರೀಗೆ ಮನಸ್ಸಿತ್ತು. ವಿಶ್ವಾಸನ ತಾಯಿ ದುಂಡಮ್ಮ ಅಲ್ಲಿಯೇ ತಡೆದಳು. "ಸ್ಟೇಜಿನ ಮ್ಯಾಲ ತಾಳಿ ಕಟ್ಟಿಸ್ಕೊಂಡಾಕಿನ್ನ ನಾಳಿ ಯಾರ ಕೇಳ್ತಾರ? ಹೊರಗಿನ ಹುಡುಗಿನ್ನ ತರ್ರಿ. ಅವರಿಗೇನೂ ತಾಗಂಗಿಲ್ಲ."

ಹಾಗೆ ಬಂದವಳು ಗೌತಮಿ. ಕಮಲಾಪುರದವಳು, ಕಲಬುರಗಿಯಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎಡ್. ಓದುತ್ತಿದ್ದಳು, ಕಾಲೇಜಿನ ನಾಟಕಗಳಲ್ಲಿ ಹೆಸರು ಮಾಡಿದ್ದಳು. ಅವಳ ಹೆಸರು ಸೂಚಿಸಿದವನು ವಿಶ್ವಾಸನೇ. ಅವರಿಬ್ಬರ ವಿಷಯ ಅವನ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ರಿಹರ್ಸಲ್ ನಡೆಯುತ್ತಿದ್ದದ್ದು ಅದೇ ಮನೆಯ ಮಹಡಿಯ ಮೇಲೆ, ಮಹಡಿಗೆ ಮೆಟ್ಟಿಲು ಹೊರಗಿನಿಂದ. ಎರಡು ತಿಂಗಳಲ್ಲಿ ಗೌತಮಿ ಆ ಮನೆಯ ಒಳಗನ್ನು ಕಂಡದ್ದು ಕಿಟಕಿಯಲ್ಲಿ ಕಾಣುವ ಫ್ರಿಜ್ಜಿನ ಬೆನ್ನಷ್ಟೇ.

ಎರಡನೇ ಅಂಕದ ಕೊನೆಗೆ ಮದುವೆ. ನಲವತ್ತು ವರ್ಷ ನಾಟಕ ಆಡಿಸಿದ್ದ ಗುರುಲಿಂಗ ಮಾಸ್ತರರು ಆ ದೃಶ್ಯಕ್ಕೆ ಒಂದು ಕಟ್ಟುಪಾಡು ಇಟ್ಟುಕೊಂಡಿದ್ದರು. ಅರಿಷಿಣದ ದಾರ, ಅರಿಷಿಣದ ಕೊಂಬು, ಮಂತ್ರ, ಎಲ್ಲ ಇರಬೇಕು. ಗಂಟು ಮಾತ್ರ ಎರಡೇ.

"ಎರಡು ಹಾಕು. ಮೂರನೇದಕ್ಕ ಬರೇ ಬೆರಳು ತಿರುವು. ತಬಲಾದಾಂವ ಹೊಡೀತಾನ, ಪರದೆ ಬೀಳ್ತದ. ಮೂರು ಬಿತ್ತಂದ್ರ ಅದು ನಾಟಕ ಅಲ್ಲ ನೋಡಪಾ, ಮದುವಿ. ಆಮ್ಯಾಲ ನಿಮ್ಮವ್ವಗ ನಾ ಜವಾಬ ಕೊಡಬೇಕು."

ರಿಹರ್ಸಲ್ ಮುಗಿದ ಮೇಲೆ ವಿಶ್ವಾಸ ಅವಳನ್ನು ಬೈಕಿನಲ್ಲಿ ಬಿಡುತ್ತಿದ್ದ. ಹಾಸ್ಟೆಲಿಗೆ ಎರಡು ಓಣಿ ಇರುವಾಗಲೇ ನಿಲ್ಲಿಸುತ್ತಿದ್ದ. ಆ ದಿನ ಬೈಕ್ ಆಫ್ ಮಾಡಿ, ಹಿಂದೆ ಮುಂದೆ ನೋಡಿ, "ನಾ ಮೂರನೇದೂ ಹಾಕ್ತೀನಿ," ಎಂದ.

"ಏನ?"

"ಗಂಟ. ಕಮಲಾಪುರದ ಶೋದಾಗ. ಎಂಟುನೂರು ಮಂದಿ ಮುಂದ. ಬಿದ್ದ ಮ್ಯಾಲ ಬಿತ್ತು, ಯಾರ ಏನ್ ಮಾಡ್ತಾರ? ಅವ್ವ ಇಂಥದಕ್ಕ ಭಾಳ ಅಂಜತಾಳ."

"ನಮ್ಮ ಮಂದ್ಯಾಗ ತಾಳೀನೇ ಇಲ್ಲ ಮಾರಾಯ. ಬುದ್ಧವಂದನಾ ಹೇಳಿ ಹಾರ ಹಾಕ್ತೀವಿ, ಮುಗೀತು. ನಂಗ ಗಂಟ್ ಯಾಕ ಬೇಕು? ನಿಮ್ಮವ್ವನ ಮುಂದ ನಿಂತು ನಾಕ್ ಮಾತ ಹೇಳು."

"ಹೇಳಿದ್ರ ಉಣ್ಣೂದು ಬಿಡ್ತಾಳ."

"ಬಿಡ್ಲಿ. ಹಸಿದ್ರ ತಾನ ಉಣ್ತಾಳ."

"ನಿಂಗ ನಮ್ಮನಿ ಗೊತ್ತಿಲ್ಲ."

"ಖರೆ. ನಂಗ ಗೊತ್ತಿರೂದು ನಿಮ್ಮ ಫ್ರಿಜ್ಜಿನ ಬೆನ್ನಷ್ಟ."

ಅವನು ನಗಲಿಲ್ಲ. ಅವಳ ಕೈ ಹಿಡಿದು, ಆಣೆ ಮಾಡಿದ. ಎಂಟುನೂರು ಜನರ ಎದುರು ಮಾಡುವವನು ತಾಯಿಯೊಬ್ಬಳ ಎದುರು ಯಾಕೆ ಹೇಳಲಾರ ಎಂದು ಅವಳು ಅಲ್ಲಿಯೇ ಕೇಳಬೇಕಿತ್ತು. ಕೇಳಲಿಲ್ಲ. ಎರಡು ವರ್ಷ ಕಾದ ಮೇಲೆ ಮನುಷ್ಯರು ಎಂಥ ದಡ್ಡತನವನ್ನೂ ಉಪಾಯವೆಂದು ನಂಬುತ್ತಾರೆ. ಅವಳೂ ನಂಬಿದಳು.

ಕಮಲಾಪುರದ ಮನೆಯಲ್ಲಿ ತಾಯಿ ಬಂಡೆಮ್ಮ ರೊಟ್ಟಿ ಬಡಿಯುತ್ತ ಅವಳ ಉತ್ತರಕ್ಕೆ ಕಾಯುತ್ತಿದ್ದಳು. ಬೀದರಿನಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಪ್ರೇಮಕುಮಾರ, ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನಿಷಿಯನ್. ಒಮ್ಮೆ ಬಂದು ಹೋಗಿದ್ದ. ಬಿ.ಎಡ್. ಮುಗಿಯಲಿ, ಆಮೇಲೆ ಮದುವೆ ಎಂದಿದ್ದ. ಅವಳನ್ನು ಏನಾದರೂ ಕೇಳಿದರೆ ಅವಳ ಉತ್ತರ ಮುಗಿಯುವವರೆಗೆ ನಡುವೆ ಬಾಯಿ ಹಾಕಿರಲಿಲ್ಲ.

"ಅವರಪ್ಪ ಮತ್ತ ಫೋನ್ ಮಾಡಿದ್ದ. ಹೂಂ ಅನ್ನಲ್ಯೋ, ಬ್ಯಾಡ ಅನ್ನಲ್ಯೋ?"

"ಬ್ಯಾಡ ಅನ್ನು."

"ಯಾಕ? ಹುಡುಗ ನೆಟ್ಟಗ ಅದಾನಲ್ಲ."

"ಬರೂ ಐತವಾರ ನಾಟಕ ನೋಡಾಕ ಬಾ ಅವ್ವ. ಮದುವಿ ಸೀನ್ ಮುಗಿಯೂತನ ಏಳಬ್ಯಾಡ. ಆಮ್ಯಾಲ ಕೇಳು, ಹೇಳ್ತೀನಿ."

ಬಂಡೆಮ್ಮನ ಕೈ ನಿಂತಿತು. "ಆ ಮಿಲ್ಲಿನ ಹುಡುಗನಾ?"

ಗೌತಮಿ ಒಲೆಗೆ ಇನ್ನೊಂದು ಕಟ್ಟಿಗೆ ತುರುಕಿದಳು.

"ನಿಮ್ಮ ಕಾಲೇಜಿನ ನಾಟಕದಾಗ ನೋಡೀನಿ ಅವನ್ನ. ಅಂವ ಏನಂದಾಂತ ನಂಗ ಒಂದೂ ಕೇಳಸಲಿಲ್ಲ," ಎಂದು ಬಂಡೆಮ್ಮ ರೊಟ್ಟಿಯನ್ನು ಹಂಚಿಗೆ ಹಾಕಿದಳು. ಅದೇ ದಿನ ಬೀದರಿಗೆ ಫೋನ್ ಮಾಡಿ ಬೇಡವೆಂದು ಹೇಳಿದಳು.

ವಿಶ್ವಾಸನ ಅಪ್ಪ ಧರ್ಮಣ್ಣ ಕಮಲಾಪುರದಲ್ಲಿ ಫಂಕ್ಷನ್ ಹಾಲ್ ಕಟ್ಟಿಸಿದ್ದ. ಅದರ ಉದ್ಘಾಟನೆಗೇ ಈ ನಾಟಕ. ಭಾನುವಾರ ಮಧ್ಯಾಹ್ನ ಮೂರಕ್ಕೆ ಹಾಲ್ ತುಂಬಿತು. ಮುಂದಿನ ಸಾಲಿನವರಿಗೆ ಕೆಂಪು ಬಾಳೆಹಣ್ಣು, ನೀರಿನ ಬಾಟಲಿ. ದುಂಡಮ್ಮ ಅರಿಷಿಣ ಹಚ್ಚಿದ ಅಕ್ಕಿಕಾಳಿನ ಪೊಟ್ಟಣಗಳನ್ನು ತಾನೇ ಹಂಚುತ್ತ ಬಂದಳು. "ಮದುವಿ ಸೀನಿಗೆ ಹಾಕ್ರಿ, ಮಜಾ ಬರ್ತದ." ಐದನೇ ಸಾಲಿಗೆ ಪೊಟ್ಟಣ ಮುಗಿದವು. ಬಂಡೆಮ್ಮ ಕೊನೆಯಲ್ಲಿ, ಬಾಗಿಲ ಪಕ್ಕದ ಕುರ್ಚಿಯಲ್ಲಿದ್ದಳು. ಪೆಟ್ಟಿಗೆಯಲ್ಲಿಟ್ಟಿದ್ದ ಇಳಕಲ್ ಸೀರೆ ಉಟ್ಟು ಬಂದಿದ್ದಳು.

ಮೊದಲ ಅಂಕದಲ್ಲಿ ಜನ ವಿಶ್ವಾಸನ ಮಾತಿಗೆ "ಜೋರಾಗಿ!" ಎಂದು ಕೂಗಿದರು. ಗೌತಮಿಯ ಮಾತಿಗೆ ನಕ್ಕರು, ಸುಮ್ಮನಾದರು, ಮತ್ತೆ ನಕ್ಕರು. ಅವಳು ಬೇಕೆಂದಾಗ ನಗಿಸಿದಳು. ಎರಡನೇ ಅಂಕದ ಕೊನೆಗೆ ಮಂಟಪ ಬಂತು. ವಿಶ್ವಾಸ ಅವಳ ಹಿಂದೆ ಬಗ್ಗಿದ. ಅವನ ಉಸಿರು ಕುತ್ತಿಗೆಗೆ ಬಡಿಯಿತು. ಒಂದು ಗಂಟು. ಎರಡು. ತಬಲಾ ಏರತೊಡಗಿತು. ಬೆರಳುಗಳು ನಿಂತವು. ಇವನು ಇನ್ನು ಹಾಕಲಾರ ಎಂದು ಅವಳು ಅಂದುಕೊಳ್ಳುವಷ್ಟರಲ್ಲಿ ದಾರ ಚರ್ಮಕ್ಕೆ ಬಿಗಿದುಕೊಂಡಿತು.

ಹಾಕಿದ. ನಿಜವಾಗಿ ಹಾಕಿಬಿಟ್ಟಿದ್ದ.

ಅಕ್ಕಿಕಾಳು ಬಿದ್ದವು. ಎಲ್ಲರಿಗಿಂತ ಮುಂದೆ ದುಂಡಮ್ಮ ಎದ್ದು ನಿಂತು, ನಗುತ್ತ, ಹಿಡಿ ಹಿಡಿ ತೂರುತ್ತಿದ್ದಳು. ಪರದೆ ಬಿತ್ತು.

"ಹೋಗು," ಎಂದಳು ಗೌತಮಿ, ಅವನ ತೋಳು ಹಿಡಿದು. "ಈಗ ಹೋಗಿ ಹೇಳು."

ಹೋಗುವ ಅಗತ್ಯ ಬೀಳಲಿಲ್ಲ. ಫೋಟೊ ತೆಗೆಸಲು ದುಂಡಮ್ಮನೇ ಒಳಗೆ ಬಂದಳು. ಮೂರನೇ ಅಂಕದಲ್ಲಿ ಬಡ ಹುಡುಗಿ ತಾಳಿಯನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿರಬೇಕು. ದಾರವನ್ನು ಸಡಿಲ ಮಾಡಲು ಮಾಸ್ತರರು ಕೈ ಹಾಕಿದರು. ಹಾಕಿದ ಕೈ ಹಾಗೇ ನಿಂತಿತು.

"ಮೂರದಾವಲ್ಲೋ!"

ಬಣ್ಣದವರು, ತಬಲಾದವರು, ದೇಸಾಯರ ಕೋಟು ಹಾಕಿಕೊಂಡವರು, ಎಲ್ಲರೂ ತಿರುಗಿದರು. ದುಂಡಮ್ಮನ ಮುಖದಲ್ಲಿ ನಗು ಇನ್ನೂ ಇತ್ತು, ಕಣ್ಣಲ್ಲಿ ಇರಲಿಲ್ಲ.

"ವಿಶ್ಯಾ?"

ಗೌತಮಿ ಅವನನ್ನು ನೋಡಿದಳು. ಅವನು ಎದೆ ತುಂಬ ಉಸಿರೆಳೆದ.

"ಕೈ ಜಾರಿತು ಅವ್ವ! ತಬಲಾದಾಂವ ಜಲ್ದಿ ಹೊಡದ, ಗಡಿಬಿಡ್ಯಾಗ ಬಿದ್ದುಬಿಟ್ಟಿತು!"

ಎರಡು ತಿಂಗಳಲ್ಲಿ ಮೊದಲ ಸಲ ಅವನ ಮಾತು ಕೊನೆಯ ಮೂಲೆಯವರೆಗೆ ಸ್ಪಷ್ಟವಾಗಿ ಮುಟ್ಟಿತು. ಆ ಮೂಲೆಯಿಂದ ತಬಲಾದ ಖಂಡೆಪ್ಪ, "ನಾ ಎಲ್ಲಿ ಜಲ್ದಿ ಹೊಡದೀನ್ರೀ?" ಎಂದ. ಅವನಿಗೆ ಯಾರೂ ಕಿವಿಗೊಡಲಿಲ್ಲ.

"ಜಾರಿತಂತ," ಎಂದು ದುಂಡಮ್ಮ ಉಸಿರು ಬಿಟ್ಟಳು. "ಸಣ್ಣಾಂವಿದ್ದಾಗಿಂದ ಹಂಗ ಇವನ ಕೈ, ಒಂದು ಕಪ್ಪು ನೆಟ್ಟಗ ಹಿಡದಾಂವಲ್ಲ. ನಾಳಿ ಐನೋರ್ನ ಕರಸ್ತೀನಿ, ದೋಷ ಬಿಡಸ್ತಾರ. ತಂಗಿ, ಹಿಂಗ ಹೊಳ್ಳು, ಬಿಚ್ಚತೀನಿ. ಅಂಜಬ್ಯಾಡ, ನಿಂಗೇನೂ ಆಗಂಗಿಲ್ಲ."

ಅವಳ ಉಗುರುಗಳು ಗೌತಮಿಯ ಕುತ್ತಿಗೆಯ ಹಿಂದೆ ಕೆರೆಯತೊಡಗಿದವು. ಬೆವರಿಗೆ ದಾರ ಬಿಗಿದಿತ್ತು. ಎರಡು ತಿಂಗಳಲ್ಲಿ ಆ ಹೆಂಗಸು ಅವಳನ್ನು ಮುಟ್ಟಿದ್ದು ಅದೇ ಮೊದಲು.

"ವಿಶ್ವಾಸ," ಎಂದಳು ಗೌತಮಿ. "ಕೈ ಜಾರಿತಾ?"

ಅವನು ಕನ್ನಡಿಯ ಮುಂದೆ ಪೇಟ ಸರಿಮಾಡಿಕೊಳ್ಳುತ್ತಿದ್ದ. "ಮೂರನೇ ಅಂಕಕ್ಕ ಟೈಮಾತು," ಎಂದ. ಧ್ವನಿ ಮತ್ತೆ ಮೊದಲಿನಂತಾಗಿತ್ತು.

ಬಣ್ಣದವನ ಪೆಟ್ಟಿಗೆಯಲ್ಲಿ ಹುಸಿ ಮೀಸೆ ಕತ್ತರಿಸುವ ಸಣ್ಣ ಕತ್ತರಿ ಇತ್ತು. ಗೌತಮಿ ಅದನ್ನು ಎತ್ತಿಕೊಂಡಳು.

"ಅಯ್ಯಯ್ಯ, ಕತ್ತರಸಬಾರ್ದು ತಂಗಿ! ಅಂವಗ ಕೇಡು!" ದುಂಡಮ್ಮ ಕೈ ಹಿಡಿಯಲು ಬಂದಳು. ಅಷ್ಟರಲ್ಲಿ ದಾರ ಎರಡಾಗಿತ್ತು.

"ತಗೋರಿ," ಎಂದು ಗೌತಮಿ ಅದನ್ನು ಅವಳ ಅಂಗೈಯಲ್ಲಿಟ್ಟಳು. "ನಿಮ್ಮ ಮನೀದು. ನಮ್ಮಲ್ಲಿ ಇದು ನಡಿಯಂಗಿಲ್ಲ."

ದುಂಡಮ್ಮ ಅಂಗೈಗೆ ಕೆಂಡ ಬಿದ್ದಂತೆ ಕೈ ಕೊಡವಿದಳು. ಕೊಂಬು ನೆಲಕ್ಕೆ ಬಿದ್ದು ಉರುಳಿತು. ಮಾಸ್ತರರು ಗಂಟೆ ಹೊಡೆದರು.

ಮೂರನೇ ಅಂಕವನ್ನು ಗೌತಮಿ ಪೂರ್ತಿ ಆಡಿದಳು. ತಾನು ಸೋದರತ್ತೆಯ ಮಗಳೆಂದು ತಿಳಿದು ಅತ್ತಳು, ದೇಸಾಯರ ಕಾಲಿಗೆ ಬಿದ್ದಳು. ಮುಂದಿನ ಸಾಲಿನವರು ಕಣ್ಣೊರೆಸಿಕೊಂಡರು. ರೈಲಿನಲ್ಲಿ ಕಳೆದ ಹುಡುಗಿ ಸಿಕ್ಕಿದ್ದಕ್ಕೆ ಅವರಿಗೆ ನಿಜವಾಗಿಯೂ ಸಮಾಧಾನವಾಗಿತ್ತು. ಶಾಲು ಹೊದಿಸುವಾಗ ಧರ್ಮಣ್ಣ, "ನಮ್ಮ ಮನಿ ಮಗಳಿದ್ದಂಗ," ಎಂದು ಮೈಕಿನಲ್ಲಿ ಹೇಳಿದ.

ಹೊರಗೆ ಬಂಡೆಮ್ಮ ಚಪ್ಪಲಿ ಹಾಕಿಕೊಂಡು ನಿಂತಿದ್ದಳು. ಮಗಳ ಬರಿಗೊರಳನ್ನು ನೋಡಿದಳು.

"ಬೀದರಿಗೆ ಮತ್ತ ಫೋನ್ ಮಾಡ್ತೀಯೇನ?" ಎಂದಳು ಗೌತಮಿ.

"ಶುಕ್ರವಾರ ಅವರು ಭಾಲ್ಕ್ಯಾಗ ಹೆಣ್ಣು ನೋಡ್ಯಾರ. ಒಪ್ಪಿಗಿ ಆಗೇದ."

ಮರುದಿನ ಬೆಳಿಗ್ಗೆ ಬಾಡಿಗೆಯ ವೇಷದ ಪೆಟ್ಟಿಗೆಯನ್ನು ಕಲಬುರಗಿಯ ಶಹಾಬಜಾರಕ್ಕೆ ಮುಟ್ಟಿಸಬೇಕಿತ್ತು. ಮಂಡಳಿಯವರು ಇಂಥ ಕೆಲಸಗಳನ್ನು ಹಾಸ್ಟೆಲಿನ ಹುಡುಗಿಗೇ ಬಿಡುತ್ತಿದ್ದರು. ಯಾರೂ ಬೇರೆ ಹೇಳಿರಲಿಲ್ಲವಾದ್ದರಿಂದ ಅವಳೇ ಆಟೊದಲ್ಲಿ ತಂದಳು. ನಾಟಕದ ಬಟ್ಟೆ ಬಾಡಿಗೆ ಕೊಡುವ ಮುದುಕ ಖಮರುದ್ದೀನ್ ಕನ್ನಡಕ ಏರಿಸಿ, ಒಂದೊಂದೇ ತೆಗೆದು ಮಗ್ಗುಲಿಗಿಟ್ಟ.

"ಶಾದಿ ಸೀನ್ ಚೊಲೊ ಆತೇನ ಬೇಟಿ?"

"ಆತ್ರಿ ಚಾಚಾ. ಮಂದಿ ಭಾಳ ಖುಷಿಯಾದ್ರು."

ಅವನು ಪೆಟ್ಟಿಗೆಯ ತಳ ತಡವಿ ನೋಡಿದ. ಪ್ರತಿ ನಾಟಕದ ಮೇಲಿನಂತೆ ಈ ಸಲವೂ ಕೆಲವು ಸಾಮಾನು ಕಡಿಮೆ ಇದ್ದವು. "ಏನೇನ್ ಹೋತು, ನೀನ ಹೇಳು."

ಗೌತಮಿ ಕಟ್ಟೆಯ ಮೇಲೆ ಕೂತು ಬೆರಳು ಮಡಚಿದಳು. ಒಂದು ಬಾಸಿಂಗ, ನಾಲ್ಕು ಗಾಜಿನ ಬಳೆ, ಜರಿ ಶಲ್ಯ ಒಂದು. ಅರಿಷಿಣದ ದಾರವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.