ಮೊಳೆಯ ಹಲಗೆ

ಮಂಚದ ಅಡಿಗೆ ಭುಜದವರೆಗೂ ಕೈ ಚಾಚಿ ಲಾಸ್ತ್ರಿ ಎಳೆದದ್ದು ಹೆಣಕ್ಕೆ ಸುತ್ತುವ ಬಿಳಿ ಬಟ್ಟೆಯ ಗಂಟಲ್ಲ, ಬಿಸ್ಕತ್ತಿನ ದೊಡ್ಡ ಡಬ್ಬ. ತುಕ್ಕು ಹಿಡಿದ ಮುಚ್ಚಳ ಜಾರಿತು. ಒಳಗಿದ್ದದ್ದೆಲ್ಲ ಸಿಮೆಂಟು ನೆಲದ ಮೇಲೆ ಚೆಲ್ಲಿತು.

ಹಿತ್ತಲಲ್ಲಿ ಹೆಂಗಸರು ಅವಳ ಅತ್ತೆ ವಾಗಿಯಾಳ ದೇಹವನ್ನು ಮೀಯಿಸುತ್ತಿದ್ದರು. "ಬಟ್ಟೆ ಸಿಕ್ತಾ ಲಾಸ್ತ್ರಿ? ಹೊತ್ತಾಗ್ತಾ ಇದೆ" ಎಂದು ಯಾರೋ ಕೂಗಿದರು.

ನೆಲದ ಮೇಲೆ ಒಂದು ಹಲಗೆ ಬಿದ್ದಿತ್ತು. ಅದರ ತುಂಬ ಸಾಲುಸಾಲಾಗಿ ಉದ್ದನೆಯ ಮೊಳೆಗಳು, ತುದಿ ಮೇಲಕ್ಕೆ. ಬಿದಿರಿನ ಹಿಡಿಯ ಸಣ್ಣ ಕೊಕ್ಕೆಗಳು, ಮೀನಿನ ಗಾಳಕ್ಕಿಂತ ತೆಳ್ಳಗಿನವು. ಮಾವಿನ ಮರದಲ್ಲಿ ಕೆತ್ತಿದ ಒಂದು ತಲೆ. ಅದಕ್ಕೆ ಕಣ್ಣಿಲ್ಲ, ಮೂಗಿಲ್ಲ. ಮೈತುಂಬ ಸೂಜಿ ಚುಚ್ಚಿದ ತೂತು. ಇವುಗಳ ಜೊತೆ ಬಿಳಿ ದಾರದಲ್ಲಿ ಬಿಗಿದು ಕಟ್ಟಿದ ಒಂದು ಕೂದಲ ಹಿಡಿ.

ಕೂದಲು ಕಂದು ಬಣ್ಣದ್ದು. ಆ ಮನೆಯಲ್ಲಿ ತಲೆಗೆ ಮದರಂಗಿ ಹಚ್ಚುವವಳು ಲಾಸ್ತ್ರಿ ಒಬ್ಬಳೇ.

"ಯಾ ಅಲ್ಲಾ!" ಬಾಗಿಲಲ್ಲಿ ಪಕ್ಕದ ಮನೆಯ ಪಾರ್ಮಿ ನಿಂತಿದ್ದಳು. ಒಳಗೆ ಬಂದು ಬಾಗಿಲು ಮುಂದೆ ಮಾಡಿದಳು. "ಮುಟ್ಟಬೇಡ ಕಣೇ. ಮಾಟದ ಸಾಮಾನು ಅದು. ನಿನ್ನ ಕೂದಲೇ ಅಲ್ವಾ?"

"ಹೌದು ಅನ್ಸುತ್ತೆ ಅಕ್ಕ."

"ಹೋದ ವರ್ಷ ನಿನ್ನ ಹೊಟ್ಟೇಲಿ ನಿಲ್ಲಲಿಲ್ವಲ್ಲ, ನಾನು ಅವತ್ತೇ ಅಂದ್ಕೊಂಡಿದ್ದೆ. ಇರು, ಮಸೀದಿಯ ಮೋದಿನ್ ಕಸಾನ್‌ಗೆ ಹೇಳ್ತೀನಿ. ಪ್ರಾರ್ಥನೆ ಹೇಳಿಸೋರಿಗೆ ಗೊತ್ತಾಗಬೇಕು. ಇಂಥವರನ್ನ ಭೂಮಿ ಒಪ್ಪಲ್ವಂತೆ."

ಲಾಸ್ತ್ರಿ ಅವಳ ಕೈ ಹಿಡಿದಳು. "ಮಣ್ಣಾಗೋವರೆಗೂ ಸುಮ್ನಿರಿ ಅಕ್ಕ. ನಮ್ಮನೇವ್ರಿಗೆ ಗೊತ್ತಾದ್ರೆ ಕುಸಿದು ಹೋಗ್ತಾರೆ. ತಾಯಿ ಅದು."

"ಆಮೇಲೆ?"

"ಆಮೇಲೆ ನಿಮ್ಮಿಷ್ಟ."

ಪಾರ್ಮಿ ಬೇಸರದಿಂದಲೇ ಒಪ್ಪಿದಳು. ಲಾಸ್ತ್ರಿ ಡಬ್ಬವನ್ನು ಹಳೆಯ ಚಾಪೆಯಲ್ಲಿ ಸುತ್ತಿ ಅಡುಗೆಮನೆಯ ಕಟ್ಟಿಗೆಯ ಹಿಂದೆ ತಳ್ಳಿದಳು. ಬಿಳಿ ಬಟ್ಟೆ ಬೀರುವಿನ ಮೇಲೇ ಇತ್ತು.

*

ಮುಂತಿಲಾನಿನ ಪೇಟೆಯಲ್ಲಿ ವಾಗಿಯಾಳದು ಹಳೆ ಸಾಮಾನಿನ ಸಣ್ಣ ಅಂಗಡಿ. ಹರಿದ ಪ್ಯಾಂಟಿನಿಂದ ಬಿಡಿಸಿದ ಜಿಪ್ಪು, ಜೋಡಿ ಕಳೆದುಕೊಂಡ ಗುಂಡಿ, ಅರ್ಧ ಮುಗಿದ ದಾರದ ರೀಲು, ಇನ್ನೊಬ್ಬರ ಕತ್ತರಿ. ಅವಳಿಗೆ ಯಾವುದೂ ಕಸವಲ್ಲ. ಇದು ಏನಕ್ಕಾದರೂ ಆಗುತ್ತೆ ಎನ್ನುವಳು. ಜನರೊಡನೆ ಮಾತ್ರ ಅಷ್ಟು ತಾಳ್ಮೆ ಇರಲಿಲ್ಲ.

ಹೊಟ್ಟೆಯಲ್ಲಿದ್ದದ್ದು ಹೋದ ಮೇಲೆ ಲಾಸ್ತ್ರಿಗೆ ಕೂದಲು ಉದುರತೊಡಗಿತು. ಬಾಚಣಿಗೆ ಇಟ್ಟರೆ ಸಾಕು, ಹಿಡಿಹಿಡಿಯಾಗಿ. ಆಸ್ಪತ್ರೆಯಿಂದ ಬಂದ ವಾರದೊಳಗೆ ಬಚ್ಚಲಿನಿಂದ ಅತ್ತೆಯ ದನಿ ಬಂತು. "ಮತ್ತೆ ನಿನ್ನ ಕೂದಲು! ಈ ಮನೆ ಮೋರಿ ನಿನ್ನ ಕೂದಲು ನುಂಗಿ ನುಂಗೀನೇ ಸಾಯುತ್ತೆ."

ಲಾಸ್ತ್ರಿ ಕೋಣೆಯ ಕತ್ತಲಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಹೇಗಿದ್ದೀಯ ಎಂಬ ಒಂದು ಮಾತಿಗಾಗಿ ಕಾದಳು. ಅದು ಬರಲಿಲ್ಲ. ಅರಿಸಿನ, ಹುಣಸೆ ಹಾಕಿ ಕುದಿಸಿದ ಕಷಾಯದ ಲೋಟ ಮಾತ್ರ ಬಾಗಿಲ ಹೊರಗೆ, ಮೇಲೆ ತಟ್ಟೆ ಮುಚ್ಚಿಕೊಂಡು ಕೂತಿರುತ್ತಿತ್ತು. ಆಮೇಲೆ ಬಚ್ಚಲಿನಲ್ಲಿ ಅವಳಿಗೆ ತನ್ನ ಕೂದಲು ಎಂದೂ ಕಾಣಿಸಲಿಲ್ಲ. ಅತ್ತೆಗೆ ತನ್ನ ಗುರುತೇ ಮನೆಯಲ್ಲಿ ಉಳಿಯುವುದು ಬೇಡವೆಂದು ಅವಳು ತಿಳಿದಳು.

*

ಚಟ್ಟ ಅಂಗಳಕ್ಕೆ ಬಂತು. ಮಲ್ಲಿಗೆ ಮಾಲೆಗಳನ್ನು ಇಳಿಬಿಟ್ಟಿದ್ದರು, ತಲೆಯ ಕಡೆ ಒಬ್ಬ ಕೊಡೆ ಹಿಡಿದಿದ್ದ. ಲಾಸ್ತ್ರಿಯ ಗಂಡ ಗಿತೊ ಎದ್ದು ನಿಂತು, ತಾಯಿಯ ಮಾತಿನಿಂದ ಯಾರ ಮನಸ್ಸಾದರೂ ನೊಂದಿದ್ದರೆ ಕ್ಷಮಿಸಬೇಕೆಂದು ಕೇಳಿಕೊಂಡ. ಪೇಟೆಯವರು ತಲೆ ತಗ್ಗಿಸಿದರು. ನೊಂದವರೇ ಹೆಚ್ಚು ಮಂದಿ ಇದ್ದರು.

ಮೋದಿನ್ ಕಸಾನ್ ಕೋಲೂರಿ ಮುಂದೆ ಬಂದ. ಪ್ರತಿ ಸಾವಿನಲ್ಲೂ ಕೇಳುವ ಪ್ರಶ್ನೆಯನ್ನೇ ಕೇಳಿದ. "ನೀವೆಲ್ಲ ಕಂಡ ಹಾಗೆ ಈ ಹೆಂಗಸು ಒಳ್ಳೆಯವಳಾಗಿದ್ದಳೇ?"

"ಒಳ್ಳೆಯವಳು!" ಅಂಗಳ ಒಂದೇ ದನಿಯಲ್ಲಿ ಕೂಗಿತು.

"ಒಳ್ಳೆಯವಳಾಗಿದ್ದಳೇ?"

"ಒಳ್ಳೆಯವಳು!"

"ಚೌಕಾಸಿ ಒಂದು ಬಿಟ್ಟರೆ" ಎಂದು ಹಿಂದಿನಿಂದ ಸೊಪ್ಪು ಮಾರುವವಳು ಪಿಸುಗುಟ್ಟಿದಳು. "ಥೂ, ಸುಮ್ನಿರೇ" ಎಂದಳು ಇನ್ನೊಬ್ಬಳು.

ಮೂರನೆಯ ಸಲವೂ ಲಾಸ್ತ್ರಿಯ ಬಾಯಿ ತೆರೆಯಲಿಲ್ಲ. ಸತ್ತವರ ಮೇಲೆ ಸುಳ್ಳು ಸಾಕ್ಷಿ ಹೇಳಬಾರದು. ನಿಜವೇನೆಂದು ಅವಳಿಗೆ ಗೊತ್ತಿಲ್ಲ. ಪಾರ್ಮಿ ಆ ಕಡೆಯಿಂದ ಅವಳ ತುಟಿಯನ್ನೇ ನೋಡುತ್ತಿದ್ದಳು.

ಚಟ್ಟವನ್ನು ಎತ್ತರಕ್ಕೆ ಹಿಡಿದರು. ಮನೆಯವರು ಒಬ್ಬೊಬ್ಬರಾಗಿ ಅದರ ಕೆಳಗೆ ಬಾಗಿ ದಾಟಬೇಕು. ಲಾಸ್ತ್ರಿ ದಾಟುವಾಗ ಅದರ ನೆರಳು ಬೆನ್ನ ಮೇಲೆ ತಣ್ಣಗೆ ಹಾದುಹೋಯಿತು. ಅವಳು ಎರಡೂ ಕೈಯಲ್ಲಿ ಹೊಟ್ಟೆಯನ್ನು ಮುಚ್ಚಿಕೊಂಡಳು. ಅಲ್ಲಿ ಏನೂ ಇರಲಿಲ್ಲ, ಆದರೂ.

*

ಗಂಡಸರು ಮಸಣಕ್ಕೆ ಹೋದರು. ಹೆಂಗಸರು ಹಿತ್ತಲಲ್ಲಿ ಚಹಾದ ಲೋಟ ತೊಳೆಯುತ್ತಿದ್ದರು. ಪಾರ್ಮಿ ಲಾಸ್ತ್ರಿಯ ಬಳಿ ಕುಕ್ಕರಗಾಲಲ್ಲಿ ಕೂತಳು. "ಮೋದಿನ್ ವಾಪಸ್ ಬಂದ ತಕ್ಷಣ ಹೇಳ್ಬಿಡ್ತೀನಿ. ನಿನ್ನ ಒಳ್ಳೇದಕ್ಕೇ. ಆ ಮಾಟದ ಕಟ್ಟು ಬಿಚ್ಚಿಸದೆ ನಿನಗೆ ಮಕ್ಕಳಾಗಲ್ಲ."

ಆಗಲೇ ಬೀದಿಯಿಂದ ಗಟ್ಟಿ ದನಿಯೊಂದು ಬಂತು. "ಏ, ಯಾರದೀರಿ ಒಳಗ? ನಾ ಬರೂದ್ರಾಗ ಒಯ್ದಬಿಟ್ರೇನು ಆಕೀನ್ನ?"

ಅದು ಪುರ್ಬಾಲಿಂಗಾ ಕಡೆಯ ಮಾತು. ಮುಂತಿಲಾನಿನವರಿಗೆ ಅದು ಕಿವಿಗೆ ಬಿದ್ದರೆ ಸಾವಿನ ಮನೆಯಲ್ಲೂ ನಗು ಬರದಂತೆ ತುಟಿ ಬಿಗಿಹಿಡಿಯಬೇಕಾಗುತ್ತದೆ. ಬಂದವಳು ಕಾರ್ಸೆಮ್. ಮದುವೆಯ ಕಾಲದಲ್ಲಿ ಮದುಮಗಳನ್ನು ಸಿಂಗರಿಸಲು ಊರಿಂದೂರಿಗೆ ಹೋಗುವವಳು; ಇಲ್ಲಿಗೆ ಬಂದಾಗ ವಾಗಿಯಾಳ ಅಂಗಡಿಯ ಮೂಲೆಯಲ್ಲೇ ಬಿಡಾರ. ಬಾಯಲ್ಲಿ ಚಿನ್ನದ ಹಲ್ಲು, ಕೈಯಲ್ಲಿ ಎರಡು ಕೋಳಿ.

"ಎರಡು ಬಸ್ ಬದಲಿಸಿ ಬಂದೆನ್ರವ್ವಾ, ಮಾರಿ ಸೈತ ನೋಡಾಕ ಸಿಗಲಿಲ್ಲ" ಎಂದು ಕಟ್ಟೆಯ ಮೇಲೆ ಕೂತು ಜೋರಾಗಿ ಅತ್ತಳು. ಅತ್ತಷ್ಟೇ ಬೇಗ ಮೂಗೊರೆಸಿಕೊಂಡು ಸುತ್ತ ನೋಡಿದಳು. "ಸೊಸಿ ಯಾರು? ನೀನ ಏನು? ಆಕಿ ತಲಿ ಎಲ್ಲೈತಿ?"

ಒಬ್ಬಳ ಕೈಯಿಂದ ಲೋಟ ಜಾರಿತು.

"ಹಿಂಗ್ಯಾಕ ನೋಡ್ತೀರಿ? ಕಟಗೀ ತಲಿ. ಮೊಳಿ ಹಲಗಿ, ಕೊಕ್ಕಿ, ಎಲ್ಲಾ ಒಂದ ಡಬ್ಬಿಯೊಳಗ ಇಟ್ಟಿದ್ಳು. ನನಗ ನೆನಪಿಗೆ ಬೇಕು."

"ನಿಮಗೆ ಬೇಕಾ ಅದು?" ಎಂದಳು ಪಾರ್ಮಿ, ಕಣ್ಣು ಕಿರಿದು ಮಾಡಿ. "ಕಟ್ಟಿಗೆ ಹಿಂದೆ ಇದೆ. ಇವಳೇ ಬಚ್ಚಿಟ್ಟಿದ್ದಾಳೆ. ಯಾಕೆ ಅಂತ ಕೇಳಿ."

ಕೇಳುವವರೆಗೂ ಕಾಯದೆ ಲಾಸ್ತ್ರಿ ಎದ್ದುಹೋಗಿ ಡಬ್ಬ ತಂದಳು. ಕಾರ್ಸೆಮ್‌ಳ ಮುಂದೆ ಇಟ್ಟು, ಯಾರ ಕಡೆಗೂ ನೋಡದೆ ಕೇಳಿದಳು. "ಅಮ್ಮಾ, ಇದು ನನ್ನ ಕೂದಲು. ಇದನ್ನ ಅವರು ಯಾಕೆ ಕಟ್ಟಿ ಇಟ್ಟಿದ್ರು?"

ಕಾರ್ಸೆಮ್ ಅವಳ ಮುಖ ನೋಡಿದಳು, ಪಾರ್ಮಿಯ ಮುಖ ನೋಡಿದಳು. ಅರ್ಥವಾದೊಡನೆ ಚಿನ್ನದ ಹಲ್ಲು ಕಾಣುವಂತೆ ಬಾಯಿ ತೆರೆದಳು. "ಮಾಟ ಅಂತ ತಿಳದೀರೇನು? ಅಯ್ಯ ನಿಮ್ಮ! ಇದು ಚೌರಿ ಕಟ್ಟೂ ಸಾಮಾನ, ಈ ಕಟಗೀ ತಲಿ ಮ್ಯಾಲ ಸೂಜಿ ಚುಚ್ಚಿ ಕಟ್ಟೂದು! ನಮ್ಮೂರಾಗ ಮನಿಗೊಂದು ಇರತೈತಿ."

*

ಹೋದ ವರ್ಷ ಕೆಡವುತ್ತಿದ್ದ ಒಂದು ಮನೆಯಿಂದ ವಾಗಿಯಾ ಸೂಜಿ ಗುಂಡಿಗಳ ಹಳೆ ಮೂಟೆ ಕೊಂಡಿದ್ದಳು. ಈ ಸಾಮಾನು ಅದರ ತಳದಲ್ಲಿತ್ತು. ಏನೆಂದು ತಿಳಿಯದೆ ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ಚರ್ಮಕ್ಕೆ ತೂತು ಹಾಕುವುದು ಎಂದ ದರ್ಜಿ. ಮಾಂಸ ಮೆತ್ತಗೆ ಮಾಡುವುದು ಎಂದ ಕಡ್ಡಿಗೆ ಮಾಂಸ ಚುಚ್ಚಿ ಸಾತೆ ಸುಡುವವನು. ಮರದ ತಲೆಯನ್ನು ಯಾರೂ ಹತ್ತಿರ ಸೇರಿಸಲಿಲ್ಲ. ಕೊನೆಗೆ ಅವಳು ಮೊಳೆಗೊಂದರಂತೆ ದಾರದ ರೀಲು ಸಿಕ್ಕಿಸಿ ಹಲಗೆಯನ್ನು ಅಂಗಡಿಯ ಮುಂದೆ ಇಟ್ಟಳು.

ಆ ಸಲ ಮದುವೆಗೆ ಬಂದ ಕಾರ್ಸೆಮ್ ಅದನ್ನು ಕಂಡು ಎದೆ ಬಡಿದುಕೊಂಡಳು. "ಯವ್ವಾ! ತಲಿಗೂದಲಾ ಹಿಕ್ಕೂ ಹಲಗಿಗೆ ಯಾರ ಇವು ರೀಲ್ ಚುಚ್ಚಿದವರು?"

"ನಾನೇ. ಚೆನ್ನಾಗಿ ನಿಲ್ಲುತ್ತಲ್ಲ" ಎಂದಳು ವಾಗಿಯಾ. ಆಮೇಲೆ ದನಿ ಇಳಿಸಿದಳು. "ಕೂದಲಿನ ಸಿಕ್ಕು ಬಿಡಿಸೋದಾ? ನನಗೂ ಕಲಿಸ್ತೀಯಾ? ತಂಗಿ ಮಗಳ ಮದುವೆಗೆ ಒಂದು ಚೌರಿ ಮುಡೀಬೇಕು."

"ನಿಂದು ಇಲಿ ಬಾಲ. ಅದರಾಗ ಏನ ಚೌರಿ?"

"ನನ್ನ ಮನೇಲಿ ಕೂದಲಿನ ಗಣಿ ಇದೆ. ಸೊಸೇದು. ಅಂಥ ಕೂದಲು ಈ ಪೇಟೇಲಿ ದುಡ್ಡು ಕೊಟ್ಟರೂ ಸಿಗಲ್ಲ. ಪಾಪ, ಉದುರ್ತಾ ಇದೆ. ಬಿಸಾಕೋಕೆ ನನಗೆ ಮನಸ್ಸೇ ಬರಲ್ಲ."

"ಆಕೀಗೆ ಹೇಳೀಯೇನು?"

ವಾಗಿಯಾ ರೀಲುಗಳನ್ನು ಒಂದೊಂದಾಗಿ ಕಿತ್ತು ಬುಟ್ಟಿಗೆ ಹಾಕಿದಳು. "ಹೇಗೆ ಹೇಳ್ಲಿ? ಅವಳ ಮುಂದೆ ನಾನು ಬಾಯಿ ಬಿಟ್ಟರೆ ಬೈಗುಳವೇ ಬರೋದು."

*

ಕಾರ್ಸೆಮ್ ಹಲಗೆಯನ್ನು ಮೊಣಕಾಲ ನಡುವೆ ಇಟ್ಟುಕೊಂಡು ಕೂದಲ ಹಿಡಿಯನ್ನು ಮೊಳೆಗಳ ನಡುವಿನಿಂದ ಎಳೆದಳು. ಸರ್ರನೆ ಸದ್ದಾಯಿತು. ಸಿಕ್ಕು ಬಿಟ್ಟುಕೊಂಡ ಹಿಡಿಯನ್ನು ಬಿಸಿಲಿಗೆ ಅಗಲಿಸಿ ತೋರಿಸಿದಳು. ಹೊರಗೆ ಕಂದು, ಒಳಗೆ ಸಾಕಷ್ಟು ಬಿಳಿ ಕೂದಲು.

"ನೋಡ್ರಿ. ಈ ಬಿಳಿದು ಆಕೀದು. ಮಾಟ ಮಾಡವ್ರು ತಮ್ಮ ಕೂದಲಾನೂ ಸೇರಿಸಿ ಕಟಗೋತಾರೇನು?"

ಸೊಪ್ಪಿನವಳು ಬಗ್ಗಿ ನೋಡಿದಳು. "ಇದನ್ನ ಮುಡಿದು ಮದುವೆಗೆ ಹೋಗಿದ್ರೆ ತಲೆ ಮೇಲೆ ಬೆಕ್ಕು ಮಲಗಿದೆ ಅಂತಿದ್ರು."

ಮೊದಲು ನಕ್ಕವಳು ಲಾಸ್ತ್ರಿ. ಕೈಯಿಂದ ಬಾಯಿ ಮುಚ್ಚಿಕೊಂಡರೂ ನಗು ಬೆರಳ ಸಂದಿಯಿಂದ ಹೊರಬಂತು, ಅದರ ಹಿಂದೆಯೇ ಕಣ್ಣೀರು.

"ಮೋದಿನ್ ಕೇಳಿದಾಗ ನಾನು ಏನೂ ಹೇಳಲಿಲ್ಲ" ಎಂದಳು.

"ಈಗ ಹೇಳು. ಆಕೀಗೇನ ಬಸ್ ತಪ್ಪತೈತಿ?"

"ಒಳ್ಳೆಯವಳು" ಎಂದಳು ಲಾಸ್ತ್ರಿ ಮೆಲ್ಲಗೆ. ಕೂದಲ ಹಿಡಿಯನ್ನು ಕೈಗೆತ್ತಿಕೊಂಡು, "ಬಾಯಿ ಮಾತ್ರ..."

"ಬಾಯಿ ಬ್ಯಾರೆ, ಆಕಿ ಬ್ಯಾರೆ!" ಎಂದು ಕಾರ್ಸೆಮ್ ತೊಡೆ ತಟ್ಟಿದಳು. ಪಾರ್ಮಿ ಲೋಟಗಳನ್ನು ಮತ್ತೊಮ್ಮೆ ತೊಳೆಯತೊಡಗಿದಳು, ಅವನ್ನು ಆಗಲೇ ತೊಳೆದಾಗಿತ್ತು.

ಸಂಜೆಯ ಪ್ರಾರ್ಥನೆಗೆ ಬರುವವರಿಗೆ ಊಟವಾಗಬೇಕಿತ್ತು. ಕೋಳಿ ಬೇಯಲು ಇಟ್ಟರು, ಹೆಂಗಸರು ಸುತ್ತ ಕೂತು ಈರುಳ್ಳಿ ಸುಲಿದರು. ಕಾರ್ಸೆಮ್ ತಾನು ಸಿಂಗರಿಸಿದ ಮದುಮಕ್ಕಳ ಕತೆ ಹೇಳುತ್ತಲೇ ಇದ್ದಳು. ಒಬ್ಬಳು ಮಂಟಪದಲ್ಲೇ ತೂಕಡಿಸಿದ್ದಳಂತೆ. ಹೇಳುತ್ತ ಹೇಳುತ್ತ ಅವಳಿಗೆ ತನ್ನ ಭುಜ ಭಾರವಾದದ್ದು ಗೊತ್ತಾಯಿತು. ಲಾಸ್ತ್ರಿ ಅದಕ್ಕೊರಗಿ ನಿದ್ದೆಹೋಗಿದ್ದಳು. ಬಾಯಿ ಅರೆತೆರೆದಿತ್ತು, ಸಣ್ಣಗೆ ಗೊರಕೆ. ಆಸ್ಪತ್ರೆಯ ಬೆಂಚಿನ ಮೇಲೆ ಅತ್ತೆಯನ್ನು ಕಾಯುತ್ತ ಕಳೆದ ರಾತ್ರಿಗಳ ನಿದ್ದೆಯೆಲ್ಲ ಒಟ್ಟಿಗೆ ಬಂದಂತಿತ್ತು.

ಕಾರ್ಸೆಮ್ ಮಾತು ನಿಲ್ಲಿಸಿದಳು. ಮಸಣದಿಂದ ಮರಳಿದ ಗಂಡಸರ ಚಪ್ಪಲಿಗಳ ಸದ್ದು ಮುಂಬಾಗಿಲಲ್ಲಿ ಕೇಳಿಸಿತು. ಮೋದಿನ್ ಕಸಾನ್ ಕುಡಿಯಲು ನೀರು ಕೇಳಿದ. ಎಲ್ಲರೂ ಪಾರ್ಮಿಯ ಕಡೆ ನೋಡಿದರು.

ಪಾರ್ಮಿ ಎದ್ದಳು. ಮುಂಬಾಗಿಲ ಕಡೆಗೆ ಹೋಗಲಿಲ್ಲ. ಲಾಸ್ತ್ರಿಯ ಮುಂದೆ ಬಗ್ಗಿ, ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಕೈಯಲ್ಲಿದ್ದ ಚಾಕುವನ್ನೂ ಅರ್ಧ ಸುಲಿದ ಈರುಳ್ಳಿಯನ್ನೂ ತೆಗೆದುಕೊಂಡಳು. ಆಮೇಲೆ ಅಲ್ಲೇ ಕೂತು ಉಳಿದದ್ದನ್ನು ಸುಲಿಯತೊಡಗಿದಳು.