ಉಂಡವರು ಓದಲಿ

ನಾನು ಒಂದು ತಪ್ಪಲೆ. ಕುಲದಲ್ಲಿ ಉಕ್ಕು, ಕಸುಬಿನಲ್ಲಿ ಹಾಲು ಉಕ್ಕಿಸುವುದು. ಕುಲ ಕಸುಬು ಎರಡೂ ಒಂದೇ ಮಾತಿನಲ್ಲಿ ಮುಗಿಯುವ ಭಾಗ್ಯ ನಿಮ್ಮಲ್ಲಿ ಎಷ್ಟು ಜನಕ್ಕಿದೆಯೋ ಕಾಣೆ.

ಹುಟ್ಟಿದ್ದು ಕಾರ್ಖಾನೆಯೊಂದರ ಒತ್ತುಯಂತ್ರದ ಕೆಳಗೆ. ಚಪ್ಪಟೆ ತಗಡಾಗಿ ಒಳಗೆ ಹೋದೆ, ಹೊಟ್ಟೆ ಹೊತ್ತು ಹೊರಗೆ ಬಂದೆ. ದಾವಣಗೆರೆಯ ಪಾತ್ರೆ ಅಂಗಡಿಯಲ್ಲಿ ಕೂತಿದ್ದವಳನ್ನು ಆದಿಜಾಂಬವ ಮಹಿಳಾ ಸಂಘದ ಹೆಂಗಸರು ದುರುಗಮ್ಮನ ಮದುವೆಗೆ ಉಡುಗೊರೆ ಕೊಡಲು ಕೊಂಡರು. ಹೆಸರು ಕೆತ್ತುವವನು ನನ್ನ ಹೊಟ್ಟೆಗೆ ಸೂಜಿ ಇಡಲು ಬಂದ. ಸಂಘದ ಹಾಲಮ್ಮ ತಡೆದಳು.

"ಹೊರಗ ಬರದ್ರ ಮಸಿ ಹಿಡಿತೈತಿ. ಒಳಗ, ತಳದಾಗ ಬರಿಯಪ್ಪಾ. ಉಂಡವ್ರು ಓದ್ಲಿ."

ಗುರ್ರ್ ಎಂದು ಕೆತ್ತಿದ: "ದುರುಗಮ್ಮನಿಗೆ ಆದಿಜಾಂಬವ ಮಹಿಳಾ ಸಂಘದ ಪ್ರೀತಿಯ ಕಾಣಿಕೆ." ನೋವಾಯಿತು. ಆದರೆ ಹೆಸರಿಲ್ಲದ ಪಾತ್ರೆ ಯಾವ ಮದುವೆಯಲ್ಲಾದರೂ ಕಳೆದುಹೋಗುತ್ತದೆ. ನಾನು ಕಳೆಯಲಿಲ್ಲ.

ದುರುಗಮ್ಮ ನನ್ನನ್ನು ದಿನದ ಅಡುಗೆಗೆ ಇಳಿಸಲಿಲ್ಲ. ಹೊಸ ಮನೆ ಹೊಕ್ಕ ದಿನ ಹಾಲುಕ್ಕಿಸಲು ಮಾತ್ರ ನಾನು. ಮೊದಲ ಸಲ ಉಕ್ಕಿಸಿದ್ದು ಗೋಡೆಗೆ ಗೋಡೆ ಅಂಟಿದ ಒಂದು ವಠಾರದಲ್ಲಿ. ಗಂಡ ತಿಪ್ಪೇಶಿ ಲೇತ್ ಅಂಗಡಿಯಲ್ಲಿ ಕಬ್ಬಿಣ ಕಡೆಯುತ್ತಿದ್ದ, ಇವಳು ಮನೆಯಲ್ಲೇ ಲಂಗ ಹೊಲಿಯುತ್ತಿದ್ದಳು, ಮಗಳು ಅಂಬಿಕಾ ಹೊಲಿಗೆಯಂತ್ರದ ಕೆಳಗೆ ಕೂತು ಓದುತ್ತಿದ್ದಳು. ಅಟ್ಟದ ಮೇಲೆ ನಾನು ನಿದ್ದೆ ಹೊಡೆಯುತ್ತಿದ್ದೆ.

ಅಂಬಿಕಾಳ ಹತ್ತನೇ ತರಗತಿಯ ಪರೀಕ್ಷೆ ಹತ್ತಿರ ಬಂದಾಗ ವಠಾರದ ಯಜಮಾನ ಅದನ್ನು ಕೆಡವಿ ಮಳಿಗೆ ಕಟ್ಟಿಸಲು ಹೊರಟ. ಈಗ ಶಾಲೆಗೆ ನಡೆದು ಹೋಗುವಷ್ಟು ಹತ್ತಿರ ಒಂದು ಸೂರು ಬೇಕಿತ್ತು. ಊರ ತುಂಬ ಬಾಡಿಗೆ ಫಲಕಗಳು. ಗಂಡ ಹೆಂಡತಿ ದಿನವೂ ಸುತ್ತಿ ಬಂದು, ರಾತ್ರಿ ಊಟಕ್ಕೆ ಕೂತು ಮಾಲೀಕರ ದನಿಗಳನ್ನು ಅಣಕಿಸುತ್ತಿದ್ದರು. ತಿಪ್ಪೇಶಿ ಮೂಗಿನಲ್ಲಿ: "ಮನಿ ಖಾಲಿ ಐತ್ರೀ, ಆದ್ರ ಕೊಡೂದಿಲ್ರೀ." ದುರುಗಮ್ಮ ಕತ್ತು ಕೊಂಕಿಸಿ: "ನಾವು ಜಾತಿ ಗೀತಿ ನೋಡಲ್ಲಮ್ಮಾ... ಅಂದಂಗೆ ನಿಮ್ಮ ಮನೆದೇವ್ರು ಯಾರು?" ಅಂಬಿಕಾ ಅನ್ನ ನೆತ್ತಿಗೇರುವಂತೆ ನಗುತ್ತಿದ್ದಳು. ನನಗೆ ನಗು ಬರಲಿಲ್ಲ. ಬಾಡಿಗೆ ಎಂಬ ಮಾತಿನ ಹೊಟ್ಟೆಯಲ್ಲೇ ಬಾಡು ಇದೆ, ಆದರೂ ಬಾಡು ತಿನ್ನುವವರಿಗೆ ಬಾಡಿಗೆ ಇಲ್ಲ!

ಕೊನೆಗೆ ಶಾಲೆಯ ಹಿಂದಿನ ಬೀದಿಯಲ್ಲಿ ಕೋಮಲಮ್ಮ ಒಪ್ಪಿದರು. ಮಹಡಿಯ ಮೇಲೆ ಅವರು, ಕೆಳಗೆ ಇವರು. "ನಿಮ್ಮ ಕಡೆಯವರು ಯಾರಪ್ಪಾ?" ಎಂದಾಗ ತಿಪ್ಪೇಶಿ, "ದುಡಿಯೋರು ಅಮ್ಮಾರೆ," ಎಂದ. ಅವರು ಅಂಬಿಕಾಳ ಕನ್ನಡಕ ನೋಡಿ, ಅವಳ ಅಂಕ ಕೇಳಿ, ತಮಗೆ ಬೇಕಾದ ಜಾತಿಯನ್ನು ತಾವೇ ಊಹಿಸಿಕೊಂಡರು.

ನಾನು ಅಟ್ಟದಿಂದ ಇಳಿದೆ. ಪೂರ್ವಕ್ಕೆ ಉಕ್ಕಿದೆ. ದುರುಗಮ್ಮ ಅದೇ ಹಾಲಿಗೆ ಶ್ಯಾವಿಗೆ, ಬೆಲ್ಲ, ಏಲಕ್ಕಿ ಹಾಕಿದಳು. ಮಿಕ್ಕ ಪಾತ್ರೆಗಳು ಇನ್ನೂ ಗೋಣಿಚೀಲದಲ್ಲಿ. ಖುಷಿಯಲ್ಲಿ ಎಚ್ಚರ ತಪ್ಪಿದಳು. "ಹಿಂಗೇ ತಗಂಡು ಹೋಗು, ಅಮ್ಮಾರಿಗೆ ಬಿಸೀದು ಕೊಟ್ಟು ಬಾ," ಎಂದು ನನ್ನನ್ನೇ ಮಗಳ ಕೈಗಿಟ್ಟಳು. ತಳದಲ್ಲಿ ಏನು ಬರೆದಿದೆ ಎಂಬುದು ಪಾಯಸ ತುಂಬಿದ ಹೊತ್ತಿನಲ್ಲಿ ಯಾರಿಗೆ ನೆನಪು!

ಅಂಬಿಕಾ ನನ್ನನ್ನು ಮೇಲೆ ಕೊಟ್ಟು ಇಳಿದು ಹೋದಳು. ಕೋಮಲಮ್ಮ ಎರಡು ಬಟ್ಟಲಿಗೆ ಬಗ್ಗಿಸಿಕೊಂಡರು. ಗಂಡ ಹೆಂಡತಿ ಸೊರಸೊರನೆ ಕುಡಿದರು. "ಏಲಕ್ಕಿ ಎಂಥ ಹದಾ ರೀ!" ಎಂದು ಆಕೆ ನನ್ನ ತಳವನ್ನೂ ಬೆರಳಿನಿಂದ ಬಳಿದು ನೆಕ್ಕಿದರು. ಗೆರೆಗಳಲ್ಲಿ ಹಾಲು ನಿಂತು ಅಕ್ಷರಗಳು ಬೆಳ್ಳಗೆ ಎದ್ದವು. ಬೆರಳು ಬಾಯಲ್ಲೇ ನಿಂತಿತು.

"ರೀ... ಇಲ್ಲಿ ಓದ್ರಿ."

ಯಜಮಾನರು ಓದಿದರು. ಬಟ್ಟಲು ನೋಡಿದರು. ಅದು ಖಾಲಿ.

"ಉಂಡ್ವಲ್ಲೇ!"

"ಮೆಲ್ಲಗೆ ಮಾತಾಡ್ರಿ!"

ಆಮೇಲೆ ಬಾಯಿ ಮುಕ್ಕಳಿಸಿದ ಸದ್ದು, ಮನೆಯೆಲ್ಲ ಗೋಮೂತ್ರ ಚಿಮುಕಿಸಿದ ವಾಸನೆ. ಥೂ! ವಾಂತಿ ಬರಬೇಕಾದದ್ದು ಅವರಿಗಲ್ಲ, ನನಗೆ.

ಕೊಟ್ಟ ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದು, ಒಂದು ಚಿಟಿಕೆ ಸಕ್ಕರೆಯಾದರೂ ಹಾಕಬೇಕು ಎಂಬುದು ನಮ್ಮ ಕಡೆಯ ಪದ್ಧತಿ. ನನ್ನನ್ನು ತೊಳೆಯದೆ, ಖಾಲಿಯೇ, ಮೆಟ್ಟಿಲ ಮೇಲಿಟ್ಟು ಕಾಲಿನಿಂದ ದೂಡಿದರು. ಠಣಠಣ ಉರುಳಿ ದುರುಗಮ್ಮನ ಬಾಗಿಲಿಗೆ ಬಂದು ಬಿದ್ದೆ. ಹಿಂದೆಯೇ ಮೇಲಿನಿಂದ ದನಿ: "ನಮ್ಮ ತಂಗಿ ಮಗ ಬರ್ತಾನಂತಮ್ಮಾ, ಮನೆ ಅವನಿಗೆ ಬೇಕಾಗೈತಿ. ಬೇಜಾರು ಮಾಡ್ಕಬ್ಯಾಡ್ರಿ." ಮುಂಗಡ, ಬಾಡಿಗೆ ಎಲ್ಲ ವಾಪಸು ಕೊಟ್ಟರು. ಪಾಯಸ ಒಂದನ್ನು ಬಿಟ್ಟು.

ಸಾಮಾನು ಮತ್ತೆ ಚೀಲ ಸೇರಿತು. ತಿಪ್ಪೇಶಿ ಅಂಗಡಿಯಿಂದ ಉಜ್ಜುಕಾಗದ ತಂದು ನನ್ನನ್ನು ತೊಡೆಯ ಮೇಲಿಟ್ಟುಕೊಂಡ. "ಅಕ್ಷರ ಅಳಿಸಿಬಿಡ್ತೀನಿ. ಕೂಸಿನ ಪರೀಕ್ಷೆ ಮುಗೀಲಿ ಸಾಕು."

ಅಂಬಿಕಾ ನನ್ನನ್ನು ಕಸಿದುಕೊಂಡಳು. "ಬ್ಯಾಡ ಅಪ್ಪಾ. ಹಾಲಮ್ಮಜ್ಜಿ ಬರೆಸಿದ್ದು."

ದುರುಗಮ್ಮ ಉಜ್ಜುಕಾಗದ ಮಡಚಿ ಚೀಲಕ್ಕೆ ತುರುಕಿದಳು. ಆಮೇಲೆ, "ಉಂಡೋರಿಗೇ ಇಲ್ಲದ ನಾಚಿಕಿ ಪಾತ್ರಿಗ್ಯಾಕ?" ಎಂದಳು.

ಮರುದಿನ ಅವಳು ನನ್ನನ್ನು ಕಂಕುಳಲ್ಲಿಟ್ಟುಕೊಂಡೇ ಮನೆ ಹುಡುಕಲು ಹೊರಟಳು. ಬಾಗಿಲು ತೆರೆದವರ ಮುಂದೆ ನನ್ನ ಬಾಯಿ ಹಿಡಿದು, "ಮೊದ್ಲು ಇದನ್ನ ಓದ್ರಿ, ಆಮ್ಯಾಲ ಮನಿ ತೋರ್ಸ್ರಿ," ಎನ್ನುವಳು. ಒಬ್ಬರಿಗೆ ಕನ್ನಡಕ ಸಿಗಲಿಲ್ಲ. ಒಬ್ಬರಿಗೆ ತಟ್ಟನೆ ವಾಸ್ತು ನೆನಪಾಯಿತು. ಪದವಿಗಳ ಬಾಲ ಹೊತ್ತ ನಾಮಫಲಕದ ಸಾಹೇಬರು ಓದಿದರು, ಮೆಚ್ಚಿದರು, "ಸಂಘ ಸಂಸ್ಥೆ ಬೇಕಮ್ಮಾ ಸಮಾಜಕ್ಕೆ," ಎಂದು ಬಾಗಿಲು ಹಾಕಿಕೊಂಡರು. ಒಳಗೆ ಚಿಲಕವೂ ಬಿತ್ತು.

ಕೊನೆಗೆ ಸಿಕ್ಕಿದ್ದು ಊರಾಚೆ, ಕೊಳಚೆ ಕಾಲುವೆಯ ದಂಡೆಯಲ್ಲಿ ತಗಡಿನ ಮನೆ. ಅದರ ಮಾಲೀಕ ಓದಲೇ ಇಲ್ಲ. "ನಂಗ್ಯಾವ ಜಾತೀನೂ ನಡಿತೈತಿ. ನಿಮಗೆ ವಾಸನಿ ನಡಿತೈತಾ?" ಎಂದ.

"ಮ್ಯಾಲಿನ ಮನಿ ವಾಸನಿ ನೋಡಿ ಬಂದೀವಿ ಬಿಡಣ್ಣಾ," ಎಂದಳು ದುರುಗಮ್ಮ.

ಅಲ್ಲೂ ಹಾಲು ಉಕ್ಕಿಸಿದೆ. ಶಾಲೆಗೆ ನಡೆಯುವ ಮಾತೇ ಇಲ್ಲ. ಪರೀಕ್ಷೆಯ ದಿನಗಳಲ್ಲಿ ಅಂಬಿಕಾ ಕತ್ತಲಿರುವಾಗಲೇ ಎದ್ದು, ದುಪಟ್ಟಾ ಮೂಗಿಗೆ ಕಟ್ಟಿ ಓದಿ, ಸಿಟಿ ಬಸ್ಸು ಹಿಡಿದು ಹೋಗಿ ಬರೆದಳು. ಪಾಸಾದಳು. ಅಂದುಕೊಂಡಷ್ಟು ಅಂಕ ಬರಲಿಲ್ಲ. ಆ ಕಡಿಮೆ ಬಿದ್ದ ಅಂಕಗಳು ಯಾರ ಹೊಟ್ಟೆಯಲ್ಲಿವೆ ಎಂಬುದು ನನಗೆ ಗೊತ್ತು.

ಈಗ ನಾನು ಮುದುಕಿ. ಅಂಚು ಸೀಳಿದೆ, ಒಲೆಗೆ ಆಗಿಬರುವುದಿಲ್ಲ. ಗುಜರಿಯವನು ಕೂಗಿದಾಗಲೆಲ್ಲ ಎದೆ ಢಣ್ ಎನ್ನುತ್ತದೆ. ಆದರೆ ಅಂಬಿಕಾ ನನ್ನನ್ನು ಬಾಗಿಲಿಗೆದುರಿನ ಗೂಡಿನಲ್ಲಿ, ತಳ ಕಾಣುವಂತೆ ಮಗ್ಗುಲಾಗಿ ಇಟ್ಟಿದ್ದಾಳೆ. ವಾರಕ್ಕೊಮ್ಮೆ ಹುಣಸೆಹುಳಿ ಹಚ್ಚಿ ಅಕ್ಷರ ಬೆಳಗುತ್ತಾಳೆ. ಹೊಸಿಲಿಗೆ ಬಂದವರ ಕಣ್ಣು ಮೊದಲು ನನ್ನ ಮೇಲೆ ಬೀಳುತ್ತದೆ. ಕೆಲವರಿಗೆ ಅಲ್ಲೇ ತುರ್ತು ಕೆಲಸ ನೆನಪಾಗುತ್ತದೆ, ಹೋಗುತ್ತಾರೆ. ಉಳಿದವರಿಗೆ ದುರುಗಮ್ಮ ಮಣೆ ಹಾಕುತ್ತಾಳೆ.

ಹಾಲಮ್ಮನ ಮಾತನ್ನು ಈ ಮನೆ ಸ್ವಲ್ಪ ತಿದ್ದಿಕೊಂಡಿದೆ. ಇಲ್ಲಿ ಓದಿದವರಿಗೇ ಊಟ.